ಯುರೇನಿಯಂ ಹರಳನ್ನು ಹಿಂಡಿದರೆ, ಕಾಯಿಸಿದರೆ ಏನಾಗುತ್ತದೆ? ಪೇಪರ್ ಓದುವವರಿಗೆ ಒಂದು ದಾರಿ

ಯುರೇನಿಯಂ ಸಂಯುಕ್ತಗಳ ಬಗ್ಗೆ ಬರುವ ಸಂಶೋಧನಾ ಪೇಪರ್‌ಗಳಲ್ಲಿ ಒಂದು ಸಾಲು ಪದೇ ಪದೇ ಸಿಗುತ್ತದೆ: ಹೆಚ್ಚಿನ ಒತ್ತಡ ಮತ್ತು ತಾಪದಲ್ಲಿ ಹೊಸ ಹರಳು ರಚನೆ ಸಿಕ್ಕಿತು. ಓದುತ್ತೇವೆ, ತಲೆಯಾಡಿಸುತ್ತೇವೆ, ಮುಂದಿನ ಪುಟಕ್ಕೆ ಹೋಗುತ್ತೇವೆ. ಎಷ್ಟು ಒತ್ತಡ? ಅದನ್ನು ಯಾವಾಗ ಹಾಕಿದ್ದು? ಹೊಸದು ಅಂದರೆ ಅದರಲ್ಲಿ ಏನು ಹೊಸದು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಬಹಳ ದಿನ ಕೇಳಿಕೊಂಡಿರಲಿಲ್ಲ. ಆಮೇಲೆ ಕೈಯಲ್ಲಿ ಪೆನ್ಸಿಲ್ ಹಿಡಿದು ಓದುವ ಅಭ್ಯಾಸ ಬಂತು. ಆ ಅಭ್ಯಾಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹರಳು ಬೆಳೆಸುವ ಮಾರ್ಗದರ್ಶಿ ಅಲ್ಲ. ಯುರೇನಿಯಂನ ವಿಕಿರಣದ ಮಾತು ಹಾಗಿರಲಿ, ರಾಸಾಯನಿಕವಾಗಿಯೂ ಅದು ವಿಷ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಆ ಕೆಲಸ ಪರವಾನಗಿ ಇರುವ ಲ್ಯಾಬ್‌ಗಳಿಗೆ ಬಿಡೋಣ. ನಮಗೆ ಬೇಕಿರುವುದು ಒಂದು ಕ್ಯಾಲ್ಕ್ಯುಲೇಟರ್, ಪೇಪರ್ ಜೊತೆ ಸಿಗುವ ಸಿಐಎಫ್ ಫೈಲ್ (ಹರಳಿನಲ್ಲಿ ಯಾವ ಪರಮಾಣು ಎಲ್ಲಿದೆ ಅಂತ ಬರೆದಿಟ್ಟ ಫೈಲ್), ಅದನ್ನು ತೆರೆದು ತಿರುಗಿಸಿ ನೋಡಲು ವೆಸ್ಟಾ ಅನ್ನುವ ಉಚಿತ ಸಾಫ್ಟ್‌ವೇರ್. ಫೈಲ್ ಪೇಪರ್ ಜೊತೆ ಸಿಗದಿದ್ದರೆ ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್‌ನಲ್ಲಿ ಹುಡುಕಿ. ಅದೂ ಉಚಿತವೇ.

ಹೆಜ್ಜೆ 1: ಒತ್ತಡ ಎಷ್ಟು, ಯಾವಾಗ

ಮೊದಲು ಯೂನಿಟ್ ನೋಡಿ. 1 ಗಿಗಾಪಾಸ್ಕಲ್ ಅಂದರೆ 1000 ಮೆಗಾಪಾಸ್ಕಲ್, ಅಂದರೆ 10 ಕಿಲೋಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಹಳೆಯ ಪೇಪರ್‌ಗಳಲ್ಲಿ ಕಿಲೋಬಾರ್ ಜಾಸ್ತಿ, ಹೊಸದರಲ್ಲಿ ಗಿಗಾಪಾಸ್ಕಲ್. ನಾನು ಒಮ್ಮೆ 30 ಕಿಲೋಬಾರ್ ಅನ್ನುವುದನ್ನು ನೋಟ್ಸ್‌ನಲ್ಲಿ 30 ಗಿಗಾಪಾಸ್ಕಲ್ ಅಂತ ಬರೆದುಕೊಂಡು, ಅಷ್ಟು ಹಿಂಡಿದರೂ ಈ ಹರಳು ಯಾಕೆ ಇಷ್ಟು ಸಡಿಲವಾಗಿದೆ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ. ಹರಳಿನದೇನೂ ತಪ್ಪಿರಲಿಲ್ಲ.

ಆಮೇಲೆ, ‘ಹೆಚ್ಚಿನ ಒತ್ತಡ’ ಅನ್ನುವ ಮಾತನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಟೆಫ್ಲಾನ್ ಒಳಪದರದ ಉಕ್ಕಿನ ಆಟೋಕ್ಲೇವ್‌ನಲ್ಲಿ ನೀರು ಹಾಕಿ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಒಳಗೆ ಹುಟ್ಟುವ ಒತ್ತಡ ಸುಮಾರು 1.55 ಮೆಗಾಪಾಸ್ಕಲ್. ಹೈಡ್ರೋಥರ್ಮಲ್ ಅಂತ ಕರೆಯುವುದು ಇದನ್ನೇ. ಪಿಸ್ಟನ್-ಸಿಲಿಂಡರ್ ಯಂತ್ರದಲ್ಲಿ 3 ಗಿಗಾಪಾಸ್ಕಲ್ ಹಾಕಿ 1000 ಡಿಗ್ರಿ ದಾಟಿಸುತ್ತಾರೆ. ಎರಡರ ನಡುವೆ ಹೆಚ್ಚುಕಡಿಮೆ 2000 ಪಟ್ಟು ವ್ಯತ್ಯಾಸ! ಆಟೋಕ್ಲೇವ್‌ನ ಒತ್ತಡ ಹರಳಿನ ಬಂಧಗಳನ್ನು ಹಿಂಡುವುದೇ ಇಲ್ಲ ಅನ್ನಬಹುದು. ಅಲ್ಲಿ ಅದರ ಕೆಲಸ ನೀರನ್ನು ದ್ರವವಾಗಿ ಹಿಡಿದಿಡುವುದು, ಅಷ್ಟೇ. ಇನ್ನು ಎರಡು ವಜ್ರದ ತುದಿಗಳ ನಡುವೆ ಕೂದಲೆಳೆಯಷ್ಟು ಮಾದರಿ ಇಟ್ಟು ಅದುಮುವ ಡೈಮಂಡ್ ಆನ್ವಿಲ್ ಸೆಲ್‌ನಲ್ಲಿ ಹತ್ತಾರು ಗಿಗಾಪಾಸ್ಕಲ್ ಸಲೀಸಾಗಿ ಸಿಗುತ್ತದೆ, 100 ದಾಟುವುದೂ ಉಂಟು.

ಇದಕ್ಕಿಂತ ಮುಖ್ಯ ‘ಯಾವಾಗ’ ಅನ್ನುವ ಪ್ರಶ್ನೆ. ಪಿಸ್ಟನ್-ಸಿಲಿಂಡರ್‌ನಲ್ಲಿ ಮಾಡಿದ ಹರಳನ್ನು ಸಾಮಾನ್ಯವಾಗಿ ತಣ್ಣಗೆ ಮಾಡಿ, ಒತ್ತಡ ಇಳಿಸಿ, ಹೊರತೆಗೆದು, ಮಾಮೂಲಿ ಕೋಣೆಯಲ್ಲಿ ಎಕ್ಸ್-ರೇ ಹಾಕಿ ಅಳೆಯುತ್ತಾರೆ. ಪೇಪರ್‌ನಲ್ಲಿ ಕೊಟ್ಟ ಬಂಧದ ಉದ್ದಗಳು ಒತ್ತಡದಲ್ಲಿದ್ದಾಗಿನವಲ್ಲ, ಒತ್ತಡ ತೆಗೆದ ಮೇಲಿನವು. ವಜ್ರದ ಸೆಲ್‌ನಲ್ಲಾದರೆ ಹಿಂಡುತ್ತಿರುವಾಗಲೇ ಅಳೆಯುತ್ತಾರೆ. ಮೊದಲನೆಯದರಲ್ಲಿ ಒತ್ತಡ ‘ಯಾವ ರಚನೆ ಹುಟ್ಟಬೇಕು’ ಅನ್ನುವುದನ್ನು ಆರಿಸಿದೆ, ಎರಡನೆಯದರಲ್ಲಿ ಇದ್ದ ರಚನೆಯನ್ನು ಅದುಮಿದೆ. ಇವೆರಡರ ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಹಾಕಿ ಹೋಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹೆಜ್ಜೆ 2: ಯುರೇನಿಯಂ ಯಾವ ಸ್ಥಿತಿಯಲ್ಲಿದೆ?

ಯುರೇನಿಯಂಗೆ 4, 5, 6 ಅಂತ ಬೇರೆ ಬೇರೆ ಆಕ್ಸಿಡೇಶನ್ ಸ್ಥಿತಿಗಳಿವೆ (ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಅನ್ನುವ ಲೆಕ್ಕ). ಹಿಂಡಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಅರ್ಧ ಉತ್ತರ ಇಲ್ಲೇ ಇದೆ.

ನಾಲ್ಕರ ಸ್ಥಿತಿಯ ಯುರೇನಿಯಂ ಒಂದು ಗುಂಡು ಕಲ್ಲಿನ ಹಾಗೆ. ಸುತ್ತ ಎಂಟು ಆಕ್ಸಿಜನ್‌ಗಳು ಹೆಚ್ಚುಕಡಿಮೆ ಸಮಾನ ದೂರದಲ್ಲಿ ನಿಲ್ಲುತ್ತವೆ, ಯಾವ ದಿಕ್ಕಿಗೂ ವಿಶೇಷ ಪ್ರೀತಿ ಇಲ್ಲ. ಆರರ ಸ್ಥಿತಿಯಲ್ಲಿ ಮಾತೇ ಬೇರೆ. ಅಲ್ಲಿ ಯುರೇನಿಯಂ ಎರಡು ಆಕ್ಸಿಜನ್‌ಗಳನ್ನು ಎದುರುಬದುರಾಗಿ, ಒಂದೇ ನೇರದಲ್ಲಿ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದೇ ಯುರನೈಲ್. ಆ ಬಂಧದ ಉದ್ದ ಸುಮಾರು 1.78 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಪಾಲು). ಸೊಂಟದ ಸುತ್ತ ಇನ್ನೂ ನಾಲ್ಕು, ಐದು ಅಥವಾ ಆರು ನೆರೆಗಳು ನಿಲ್ಲುತ್ತವೆ, ಆದರೆ ದೂರದಲ್ಲಿ, 2.2ರಿಂದ 2.5 ಆಂಗ್‌ಸ್ಟ್ರಾಂ ಆಸುಪಾಸಿನಲ್ಲಿ. ತುದಿಯ ಆ ಎರಡು ಆಕ್ಸಿಜನ್‌ಗಳಿಗೆ ಬೇರೆ ಯಾರ ಜೊತೆಗೂ ಅಷ್ಟಾಗಿ ಬಂಧ ಬೇಕಿಲ್ಲ. ಅದಕ್ಕೇ ಯುರನೈಲ್ ಸಂಯುಕ್ತಗಳು ಹಾಳೆಗಳ ಹಾಗೆ ಬೆಳೆಯುವುದು ಜಾಸ್ತಿ: ಸೊಂಟದ ಮೂಲಕ ಕೈ ಕೈ ಹಿಡಿದುಕೊಂಡು ಅಗಲಕ್ಕೆ ಹರಡುತ್ತವೆ, ಮೇಲೆ ಕೆಳಗೆ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಪೊಟ್ಯಾಸಿಯಂ, ಸೋಡಿಯಂ, ನೀರು ಹೀಗೆ ಏನಾದರೂ ಬಂದು ಕೂರುತ್ತದೆ.

ಐದರ ಸ್ಥಿತಿ ಎರಡರ ನಡುವಿನ ಅಡ್ಡಗೋಡೆ ಮೇಲಿನ ದೀಪ. ಅದರ ಗೋಜಿಗೆ ಈಗ ಹೋಗುವುದು ಬೇಡ.

ಹೆಜ್ಜೆ 3: ಕೂತು ಎಣಿಸಿ

ಇದು ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಮ್ನೆ. ವೆಸ್ಟಾದಲ್ಲಿ ಫೈಲ್ ತೆರೆಯಿರಿ, ಒಂದು ಯುರೇನಿಯಂ ಮೇಲೆ ಒತ್ತಿ, ಸುತ್ತಲಿನ ಆಕ್ಸಿಜನ್‌ಗಳ ದೂರ ಒಂದೊಂದಾಗಿ ಬರೆದುಕೊಳ್ಳಿ. ಸಾಫ್ಟ್‌ವೇರ್ ತಾನಾಗಿ ಬರೆದ ಗೆರೆಗಳನ್ನು ನಂಬಬೇಡಿ. ಅದು ಒಂದು ದೂರದ ಮಿತಿ ಇಟ್ಟುಕೊಂಡು ಗೆರೆ ಎಳೆಯುತ್ತದೆ, ಮಿತಿಯ ಆಚೆ ನಿಂತ ನೆರೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಯುರೇನಿಯಂ ಡೈಆಕ್ಸೈಡ್ ತೆಗೆದುಕೊಳ್ಳೋಣ. ರಿಯಾಕ್ಟರ್ ಇಂಧನದ ಗುಳಿಗೆಗಳಲ್ಲಿ ಇರುವುದು ಇದೇ. ಫ್ಲೋರೈಟ್ ಮಾದರಿಯ ರಚನೆ (ಫ್ಲೋರೈಟ್ ಅನ್ನುವ ಖನಿಜದಲ್ಲಿರುವ ಜೋಡಣೆ), ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಪೆಟ್ಟಿಗೆ) ಒಂದು ಘನ, ಅದರ ಅಂಚು 5.470 ಆಂಗ್‌ಸ್ಟ್ರಾಂ. ಫ್ಲೋರೈಟ್‌ನಲ್ಲಿ ಬಂಧದ ಉದ್ದ ಅಂಚಿನ 0.433 ಪಟ್ಟು, ಅಂದರೆ 2.369 ಆಂಗ್‌ಸ್ಟ್ರಾಂ. ಇಂಥ ಎಂಟು ಬಂಧಗಳು.

ಈಗ ಬಾಂಡ್ ವೇಲೆನ್ಸ್ ಲೆಕ್ಕ. ಪ್ರತಿ ಬಂಧಕ್ಕೂ ಎಷ್ಟು ಬಲ ಅಂತ ಒಂದು ಸಂಖ್ಯೆ ಕೊಡುವುದು, ಎಲ್ಲ ಕೂಡಿಸಿದರೆ ಯುರೇನಿಯಂನ ಆಕ್ಸಿಡೇಶನ್ ಸ್ಥಿತಿ ಬರಬೇಕು. ನಾಲ್ಕರ ಯುರೇನಿಯಂಗೆ 2.112ರಿಂದ ಬಂಧದ ಉದ್ದ ಕಳೆಯಿರಿ, 0.37ರಿಂದ ಭಾಗಿಸಿ, ಕ್ಯಾಲ್ಕ್ಯುಲೇಟರ್‌ನಲ್ಲಿ ಎಕ್ಸ್‌ಪೊನೆನ್ಷಿಯಲ್ ಗುಂಡಿ (eˣ ಅಂತ ಬರೆದಿರುವುದು) ಒತ್ತಿ. 2.369ಕ್ಕೆ 0.50 ಬರುತ್ತದೆ. ಎಂಟು ಸಲ 0.50 ಅಂದರೆ 4. ಮೊದಲ ಸಲ ಹೀಗೆ ಬಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಯುರನೈಲ್‌ಗೆ ಬೇರೆ ಜೋಡಿ ಸಂಖ್ಯೆ ಬೇಕು: 2.051 ಮತ್ತು 0.519. 1.78ರ ಬಂಧಕ್ಕೆ 1.69 ಬರುತ್ತದೆ, ಸೊಂಟದ 2.37ರ ಬಂಧಕ್ಕೆ 0.54. ಎರಡು ತುದಿಯವು, ಐದು ಸೊಂಟದವು ಸೇರಿ 6.08. ಆರಕ್ಕೆ ಹತ್ತಿರ, ಸರಿ. ಇಲ್ಲಿ ಒಂದು ವಿಷಯ ಗಮನಿಸಿ: ತುದಿಯ ಒಂದೊಂದು ಬಂಧವೂ ಸೊಂಟದ ಬಂಧದ ಮೂರು ಪಟ್ಟು ಗಟ್ಟಿ. ಹಿಂಡಿದಾಗ ಯಾವುದು ಮೊದಲು ಸೋಲುತ್ತದೆ ಅಂತ ಇದರಿಂದಲೇ ಊಹಿಸಬಹುದು ಅಲ್ವಾ?

ಹೆಜ್ಜೆ 4: ಒಂದು ಯುರೇನಿಯಂಗೆ ಎಷ್ಟು ಜಾಗ

ಯೂನಿಟ್ ಸೆಲ್‌ನ ಘನಗಾತ್ರವನ್ನು ಅದರೊಳಗಿನ ಯುರೇನಿಯಂಗಳ ಸಂಖ್ಯೆಯಿಂದ ಭಾಗಿಸಿ. ಡೈಆಕ್ಸೈಡ್‌ನ ಸೆಲ್‌ನಲ್ಲಿ ನಾಲ್ಕು ಯುರೇನಿಯಂ ಇವೆ, ಹಾಗಾಗಿ 163.7ನ್ನು 4ರಿಂದ ಭಾಗಿಸಿದರೆ ತಲಾ 40.9 ಘನ ಆಂಗ್‌ಸ್ಟ್ರಾಂ. ಬೇರೆ ಬೇರೆ ರಚನೆಗಳನ್ನು ಹೋಲಿಸಲು ಇದಕ್ಕಿಂತ ಪ್ರಾಮಾಣಿಕ ಅಳತೆ ಇನ್ನೊಂದು ನನಗೆ ಸಿಕ್ಕಿಲ್ಲ.

ಈ ಡೈಆಕ್ಸೈಡನ್ನು ಗಾಳಿಯಲ್ಲಿ ಕಾಯಿಸಿದರೆ ಅದು ಇನ್ನಷ್ಟು ಆಕ್ಸಿಜನ್ ಎಳೆದುಕೊಂಡು ಕೊನೆಗೆ ಮೂರು ಯುರೇನಿಯಂಗೆ ಎಂಟು ಆಕ್ಸಿಜನ್ ಇರುವ ಆಕ್ಸೈಡ್ ಆಗುತ್ತದೆ. ಟ್ರೈಯುರೇನಿಯಂ ಆಕ್ಟಾಕ್ಸೈಡ್. ಅದರಲ್ಲಿ ಯುರೇನಿಯಂಗೆ ತಲಾ ಸುಮಾರು 55.6 ಘನ ಆಂಗ್‌ಸ್ಟ್ರಾಂ ಜಾಗ. ಅಂದರೆ 36 ಶೇಕಡಾ ಉಬ್ಬಿದೆ. ಗಟ್ಟಿ ಗುಳಿಗೆ ಇದನ್ನು ತಡೆದುಕೊಳ್ಳಲಾರದೆ ಬಿರುಕು ಬಿಟ್ಟು ಪುಡಿಪುಡಿಯಾಗುತ್ತದೆ. ಕಾರಣ ಆಕ್ಸಿಜನ್ ಸೇರಿದ್ದು ಮಾತ್ರ ಅಲ್ಲ. ಯುರೇನಿಯಂ ನಾಲ್ಕರಿಂದ ಮೇಲೆ ಹೋಗುತ್ತಿದ್ದಂತೆ ಅದಕ್ಕೆ ಗುಂಡು ಕಲ್ಲಿನ ಹಾಗೆ ಇರುವುದು ಸಾಧ್ಯವಾಗುವುದಿಲ್ಲ, ಪದರ ಪದರವಾಗಿ ಮಲಗುತ್ತದೆ, ಪದರಗಳ ನಡುವೆ ಗಾತ್ರ ವ್ಯರ್ಥವಾಗುತ್ತದೆ.

ಈಗ ಇದೇ ಪದರದ ಆಕ್ಸೈಡನ್ನು ವಜ್ರದ ಸೆಲ್‌ನಲ್ಲಿ ಹಾಕಿ ಹಿಂಡಿದರೆ? ಸುಮಾರು 8 ಗಿಗಾಪಾಸ್ಕಲ್ ದಾಟಿದ ಮೇಲೆ ಅದು ಮತ್ತೆ ಫ್ಲೋರೈಟ್ ಮಾದರಿಗೆ ಬಂದುಬಿಡುತ್ತದೆ! ಆಕ್ಸಿಜನ್ ಒಂದೂ ಹೊರಗೆ ಹೋಗಿಲ್ಲ, ಎಲ್ಲವೂ ಒಳಗೇ ಇವೆ, ಆದರೂ ಯುರೇನಿಯಂಗಳು ಹಳೆಯ ಘನದ ಜೋಡಣೆಗೆ ಮರಳಿವೆ, ಹೆಚ್ಚುವರಿ ಆಕ್ಸಿಜನ್‌ಗಳು ಸಂದುಗಳಲ್ಲಿ ತುರುಕಿಕೊಂಡು ಕೂತಿವೆ. ಬಿಸಿ ಮತ್ತು ಗಾಳಿ ಬಿಡಿಸಿ ಹರಡಿದ್ದನ್ನು ಒತ್ತಡ ಮಡಚಿ ಇಟ್ಟಿತು. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಉದಾಹರಣೆ ಇದು.

ಹೆಜ್ಜೆ 5: ಒತ್ತಡವನ್ನೂ ತಾಪವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ

ಬಲ್ಕ್ ಮಾಡ್ಯುಲಸ್ ಅಂತ ಒಂದು ಸಂಖ್ಯೆ ಪೇಪರ್‌ನಲ್ಲಿ ಇರುತ್ತದೆ. ಹರಳು ಎಷ್ಟು ಹಠಮಾರಿ ಅನ್ನುವುದರ ಅಳತೆ. ಡೈಆಕ್ಸೈಡ್‌ಗೆ ಸುಮಾರು 207 ಗಿಗಾಪಾಸ್ಕಲ್. ಹಾಕಿದ ಒತ್ತಡವನ್ನು ಇದರಿಂದ ಭಾಗಿಸಿದರೆ ಗಾತ್ರ ಎಷ್ಟು ಕುಗ್ಗಿತು ಅಂತ ಅಂದಾಜು ಸಿಗುತ್ತದೆ. 10 ಗಿಗಾಪಾಸ್ಕಲ್‌ಗೆ 4.8 ಶೇಕಡಾ. ಹಿಂಡಿದಷ್ಟೂ ಹರಳು ಇನ್ನಷ್ಟು ಬಿಗಿಯಾಗುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಚೂರು ಕಡಿಮೆ. ಅಂಚು 5.470ರಿಂದ 5.39ರ ಹತ್ತಿರಕ್ಕೆ ಇಳಿಯುತ್ತದೆ.

ತಾಪದ ಕಡೆ ನೋಡಿ. ಅದೇ ಡೈಆಕ್ಸೈಡನ್ನು 1000 ಡಿಗ್ರಿಗೆ ಕಾಯಿಸಿದರೆ ಉದ್ದ ಸುಮಾರು 1 ಶೇಕಡಾ ಹಿಗ್ಗುತ್ತದೆ, ಗಾತ್ರ 3 ಶೇಕಡಾ. ಆ ಹಿಗ್ಗಿದ್ದನ್ನು ವಾಪಸ್ ಒತ್ತಲು ಬೇಕಾದ್ದು ಸುಮಾರು 6 ಗಿಗಾಪಾಸ್ಕಲ್. ಸಾವಿರ ಡಿಗ್ರಿಗೆ ಆರು ಗಿಗಾಪಾಸ್ಕಲ್ ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಪೇಪರ್ ಓದುವಾಗ ಯಾವುದು ದೊಡ್ಡ ಬದಲಾವಣೆ, ಯಾವುದು ಸಣ್ಣದು ಅಂತ ಅಂದಾಜಾಗುತ್ತದೆ. ಪದರದ ಹರಳುಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವು ತುಂಬಾ ಮೆತ್ತಗೆ.

ಆದರೆ ಇದನ್ನು ನೋಡಿ ‘ತಾಪ ಅಂದರೆ ಒತ್ತಡದ ಉಲ್ಟಾ’ ಅಂತ ತೀರ್ಮಾನ ಮಾಡಿದರೆ ಕೆಟ್ಟೆವು. ಒತ್ತಡ ಕೇಳುವುದು ಒಂದೇ, ಜಾಗ ಕಡಿಮೆ ಮಾಡು. ತಾಪ ಕೇಳುವುದು ಬೇರೆ: ಅಲುಗಾಡಲು, ಗೊಂದಲ ಮಾಡಲು ಅವಕಾಶ ಕೊಡು. ಯುರೇನಿಯಂ ಲೋಹವನ್ನೇ ನೋಡಿ. ಕೋಣೆಯ ತಾಪದಲ್ಲಿ ಅದು ಆಲ್ಫಾ, ಆರ್ಥೋರಾಂಬಿಕ್ ರಚನೆ (ಮೂರು ಅಂಚುಗಳೂ ಬೇರೆ ಬೇರೆ ಉದ್ದದ, ನೇರ ಮೂಲೆಗಳ ಪೆಟ್ಟಿಗೆ). ಸುಮಾರು 668 ಡಿಗ್ರಿಯಲ್ಲಿ ಬೀಟಾ ಆಗುತ್ತದೆ, ಒಂದು ಸೆಲ್‌ನಲ್ಲಿ 30 ಪರಮಾಣುಗಳ ಗೋಜಲು. ಸುಮಾರು 775ರಲ್ಲಿ ಗಾಮಾ, ಸರಳವಾದ ಘನ, ಮೂಲೆಗಳಲ್ಲಿ ಮತ್ತು ನಡುವೆ ಪರಮಾಣು. 1132ರಲ್ಲಿ ಕರಗುತ್ತದೆ. ಬರೀ ಕಾಯಿಸಿದ್ದಕ್ಕೆ ಮೂರು ವೇಷ. ಅದೇ ಆಲ್ಫಾವನ್ನು ಕೋಣೆಯ ತಾಪದಲ್ಲಿ ಹಿಂಡುತ್ತಾ ಹೋದರೆ 100 ಗಿಗಾಪಾಸ್ಕಲ್‌ವರೆಗೂ ಆಲ್ಫಾ ಆಗಿಯೇ ಉಳಿಯುತ್ತದೆ. ಜಾಸ್ತಿ ಒತ್ತಡ ಅಂದರೆ ರಚನೆ ಬದಲಾಗಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಡೈಆಕ್ಸೈಡ್‌ನಲ್ಲೂ ತಾಪ ಒಂದು ವಿಚಿತ್ರ ಮಾಡುತ್ತದೆ. ಅದು ಕರಗುವುದು ಸುಮಾರು 3120 ಕೆಲ್ವಿನ್‌ನಲ್ಲಿ. ಅದಕ್ಕೂ ಮೊದಲೇ, 2670 ಕೆಲ್ವಿನ್ ಹತ್ತಿರ, ಆಕ್ಸಿಜನ್‌ಗಳ ಜೋಡಣೆ ಕೆಟ್ಟುಹೋಗಿ ಅವು ಹೆಚ್ಚುಕಡಿಮೆ ದ್ರವದ ಹಾಗೆ ಓಡಾಡಲು ಶುರುಮಾಡುತ್ತವೆ, ಯುರೇನಿಯಂಗಳು ಮಾತ್ರ ತಮ್ಮ ಜಾಗದಲ್ಲೇ ನಿಂತಿರುತ್ತವೆ. ಯುರೇನಿಯಂ ಮಾತ್ರ ನೋಡಿದರೆ ಅದೇ ಫ್ಲೋರೈಟ್. ಅರ್ಧ ಹರಳು ಕರಗಿದ ಹಾಗೆ.

ಹೆಜ್ಜೆ 6: ಮೂರನೇ ತಿರುಗಣೆ, ಆಕ್ಸಿಜನ್

ಹೆಚ್ಚಿನವರು ಮರೆಯುವುದು ಇಲ್ಲೇ. ಯುರೇನಿಯಂ ಆಕ್ಸೈಡ್‌ಗಳನ್ನು ಕಾಯಿಸಿದಾಗ ರಚನೆ ಮಾತ್ರ ಬದಲಾಗುವುದಿಲ್ಲ, ಸೂತ್ರವೇ ಬದಲಾಗಬಹುದು. ಟ್ರೈಆಕ್ಸೈಡನ್ನು (ಒಂದು ಯುರೇನಿಯಂಗೆ ಮೂರು ಆಕ್ಸಿಜನ್ ಇರುವುದು) ಬಯಲಲ್ಲಿ ಕಾಯಿಸುತ್ತಾ ಹೋಗಿ, ಆಕ್ಸಿಜನ್ ಬಿಟ್ಟುಕೊಟ್ಟು ಹಿಂದೆ ಹೇಳಿದ ಮೂರು-ಎಂಟರ ಆಕ್ಸೈಡ್ ಆಗಿಬಿಡುತ್ತದೆ. 1100 ಡಿಗ್ರಿಯಲ್ಲಿ ಟ್ರೈಆಕ್ಸೈಡ್ ಹರಳು ಬೆಳೆಸುತ್ತೇನೆ ಅಂದರೆ ನಗುತ್ತಾರೆ. ಆದರೆ 1966ರಲ್ಲಿ ಪ್ರಕಟವಾದ ಒಂದು ರಚನೆ ಇದೆ, ಈಟಾ ರೂಪದ ಟ್ರೈಆಕ್ಸೈಡ್. ಅದನ್ನು ಮಾಡಿದ್ದು 1100 ಡಿಗ್ರಿಯಲ್ಲೇ, ಸುಮಾರು 30 ಕಿಲೋಬಾರ್ ಒತ್ತಡದಲ್ಲಿ. (ಹೌದು, ನನ್ನ ಆ ಸಂಜೆಯನ್ನು ಹಾಳು ಮಾಡಿದ್ದು ಇದೇ.) ಅಲ್ಲಿ ಒತ್ತಡ ಎರಡು ಕೆಲಸ ಒಟ್ಟಿಗೆ ಮಾಡಿದೆ. ಒಂದು, ಬಿಗಿಯಾದ ಜೋಡಣೆಯನ್ನು ಆರಿಸಿದೆ. ಇನ್ನೊಂದು, ಮುಚ್ಚಿದ ಜಾಗದಲ್ಲಿ ಆಕ್ಸಿಜನ್ ಓಡಿಹೋಗದ ಹಾಗೆ ಹಿಡಿದಿಟ್ಟಿದೆ.

ಹಾಗಾಗಿ ಪೇಪರ್‌ನಲ್ಲಿ ಮಾದರಿ ತುಂಬಿದ ಕ್ಯಾಪ್ಸೂಲ್ ಯಾವುದರದ್ದು, ಮುಚ್ಚಿತ್ತಾ, ಜೊತೆಗೆ ಏನೇನು ಹಾಕಿದ್ದರು ಅನ್ನುವುದನ್ನು ಹುಡುಕಿ ಓದಿ. ಅದು ಸಾಮಾನ್ಯವಾಗಿ ಪ್ರಯೋಗದ ವಿಭಾಗದಲ್ಲಿ ಒಂದೇ ಸಾಲಿನಲ್ಲಿ ಇರುತ್ತದೆ.

ಹೆಜ್ಜೆ 7: ಮೊದಲು ಸೋಲುವುದು ಯಾವುದು

ಗಾತ್ರ ಒಂದನ್ನೇ ನೋಡಿದರೆ ಸಾಲದು, ಮೂರು ಅಕ್ಷಗಳನ್ನೂ ಬೇರೆ ಬೇರೆಯಾಗಿ ನೋಡಿ. ಆಲ್ಫಾ ಯುರೇನಿಯಂನಲ್ಲಿ ಕಾಯಿಸಿದಾಗ ಎ, ಸಿ ಅಕ್ಷಗಳು ಹಿಗ್ಗುತ್ತವೆ, ಬಿ ಅಕ್ಷ ಕುಗ್ಗುತ್ತದೆ! ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವ ಕಡ್ಡಿಯನ್ನು ಪದೇ ಪದೇ ಕಾಯಿಸಿ ತಣ್ಣಗೆ ಮಾಡಿದರೆ ಅದು ಸೊಟ್ಟಪಟ್ಟ ಬೆಳೆಯುವುದಕ್ಕೆ ಇದೇ ಮೂಲ.

ಯುರನೈಲ್ ಹಾಳೆಗಳನ್ನು ಹಿಂಡಿದಾಗ ಸೋಲುವ ಸರದಿ ಸಾಮಾನ್ಯವಾಗಿ ಹೀಗೆ: ಮೊದಲು ಹಾಳೆಗಳ ನಡುವಿನ ಖಾಲಿ ಜಾಗ. ಆಮೇಲೆ ಹಾಳೆಯೊಳಗಿನ ಬಹುಭುಜಗಳು (ಒಂದು ಪರಮಾಣುವಿನ ಸುತ್ತಲಿನ ಆಕ್ಸಿಜನ್‌ಗಳನ್ನು ಗೆರೆಯಿಂದ ಸೇರಿಸಿದರೆ ಕಾಣುವ ಆಕಾರಗಳು) ಒಂದಕ್ಕೊಂದು ವಾಲುವುದು, ತಿರುಗುವುದು. ಆಮೇಲೆ ಸೊಂಟದ ಬಂಧಗಳು. ತುದಿಯ ಗಟ್ಟಿ ಬಂಧ ಕೊನೆಗೆ. ಬೋರೇಟ್, ಫಾಸ್ಫೇಟ್ ಇದ್ದರೆ ಆ ಗುಂಪುಗಳೂ ಗಟ್ಟಿಯೇ, ಅವು ಬಾಗಿಲ ಹಾಗೆ ತಿರುಗುತ್ತವೆಯೇ ಹೊರತು ಮುರಿಯುವುದಿಲ್ಲ.

ಒತ್ತಡದಲ್ಲೇ ಹುಟ್ಟಿದ ಯುರನೈಲ್ ಹರಳುಗಳಲ್ಲಿ ಇನ್ನೊಂದನ್ನು ಹುಡುಕಿ. ತುದಿಯ ಆಕ್ಸಿಜನ್‌ಗೆ ಬೇರೆಯವರ ಸಂಗ ಬೇಡ ಅಂದೆನಲ್ಲ? ಜಾಗ ಕಡಿಮೆಯಾದಾಗ ಕೆಲವೊಮ್ಮೆ ಅದೇ ಆಕ್ಸಿಜನ್ ಪಕ್ಕದ ಯುರೇನಿಯಂನ ಸೊಂಟಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಕ್ಯಾಟಯಾನ್-ಕ್ಯಾಟಯಾನ್ ಇಂಟರಾಕ್ಷನ್ ಅಂತ ದೊಡ್ಡ ಹೆಸರು ಇದಕ್ಕೆ. ಹೆಸರು ಕೇಳಿ ಎರಡು ಲೋಹಗಳು ನೇರವಾಗಿ ಕೈ ಕುಲುಕುತ್ತವೆ ಅಂದುಕೊಳ್ಳಬೇಡಿ, ನಡುವೆ ಆಕ್ಸಿಜನ್ ಇದ್ದೇ ಇದೆ. ಇದಾದಾಗ ಹಾಳೆಗಳು ಒಂದಕ್ಕೊಂದು ಹೊಲಿಗೆ ಹಾಕಿದಂತಾಗಿ ಚೌಕಟ್ಟು ಮೂರೂ ದಿಕ್ಕಿಗೆ ಬೆಳೆಯುತ್ತದೆ. ವೆಸ್ಟಾದಲ್ಲಿ ಗುರುತಿಸುವುದು ಸುಲಭ: 1.8 ಆಸುಪಾಸಿನ ಬಂಧದ ಆಕ್ಸಿಜನ್‌ಗೆ ಇನ್ನೊಂದು ಯುರೇನಿಯಂ 2.3–2.5 ದೂರದಲ್ಲಿ ಇದೆಯಾ ನೋಡಿ. ಇದ್ದರೆ ಅದರ ಗಟ್ಟಿ ಬಂಧ ಮಾಮೂಲಿಗಿಂತ ಸ್ವಲ್ಪ ಉದ್ದವಾಗಿಯೂ ಇರುತ್ತದೆ, ಇಬ್ಬರಿಗೆ ಹಂಚಿದ್ದಲ್ವಾ.

ಹೆಜ್ಜೆ 8: ರಚನೆ ಮುರಿದು ಹೊಸದಾಗುವ ಜಾಗ

ಡೈಆಕ್ಸೈಡನ್ನು ಸುಮಾರು 42 ಗಿಗಾಪಾಸ್ಕಲ್‌ವರೆಗೆ ಹಿಂಡಿದಾಗ ಫ್ಲೋರೈಟ್ ಕೈಚೆಲ್ಲಿ ಕೊಟ್ಯೂನೈಟ್ ಅನ್ನುವ ಇನ್ನೊಂದು ಖನಿಜದ ಮಾದರಿಗೆ ಹೋಗಲು ಶುರುಮಾಡುತ್ತದೆ. ಎಂಟು ನೆರೆ ಇದ್ದದ್ದು ಒಂಬತ್ತಾಗುತ್ತದೆ. ಒಂದೇ ಏಟಿಗೆ ಅಲ್ಲ, ಅದಕ್ಕಿಂತ ಎಷ್ಟೋ ಮೇಲಿನ ಒತ್ತಡದವರೆಗೂ ಎರಡು ರೂಪಗಳೂ ಜೊತೆಗೇ ಕಾಣಿಸುತ್ತವೆ.

ಅಡುಗೆ ಉಪ್ಪಿನ ಹರಳಿನ ಮಾದರಿಯ ಯುರೇನಿಯಂ ಸಂಯುಕ್ತಗಳಲ್ಲಿ ಒಂದು ಚಂದದ ಸಾಲು ಇದೆ. ಆರ್ಸೆನಿಕ್ ಜೊತೆಗಿನದು ಸುಮಾರು 20 ಗಿಗಾಪಾಸ್ಕಲ್‌ನಲ್ಲಿ, ಆಂಟಿಮನಿ ಜೊತೆಗಿನದು ಸುಮಾರು 9ರಲ್ಲಿ, ಬಿಸ್ಮತ್ ಜೊತೆಗಿನದು ಸುಮಾರು 5ರಲ್ಲಿ, ಆರು ನೆರೆಯಿಂದ ಎಂಟು ನೆರೆಯ ಸೀಸಿಯಂ ಕ್ಲೋರೈಡ್ ಮಾದರಿಗೆ ಜಿಗಿಯುತ್ತವೆ. ಜೊತೆಗಾರ ದೊಡ್ಡದಾದಷ್ಟೂ ಜಿಗಿತ ಬೇಗ. ಹಗುರ ಜೊತೆಗಾರರು ಈ ಸಾಲಿಗೆ ಸೇರುವುದಿಲ್ಲ. ನೈಟ್ರೈಡ್ ಸುಮಾರು 29 ಗಿಗಾಪಾಸ್ಕಲ್‌ನಲ್ಲಿ ಒಂದು ಪಕ್ಕಕ್ಕೆ ಓರೆಯಾಗಿ ರಾಂಬೋಹೆಡ್ರಲ್ ಆಗುತ್ತದೆ.

ಇಲ್ಲೊಂದು ತಲೆ ತಿರುಗಿಸುವ ವಿಷಯ. ನೆರೆಗಳು ಜಾಸ್ತಿಯಾದಾಗ ಒಂದೊಂದು ಬಂಧವೂ ಉದ್ದವಾಗುತ್ತದೆ! ಹರಳು ಒಟ್ಟಾರೆ ಕುಗ್ಗಿದೆ, ಬಂಧಗಳು ಹಿಗ್ಗಿವೆ. ತಪ್ಪೇನಿಲ್ಲ. ಅದೇ ನಾಲ್ಕನ್ನು ಎಂಟು ಜನಕ್ಕೆ ಹಂಚುವ ಬದಲು ಒಂಬತ್ತು ಜನಕ್ಕೆ ಹಂಚಿದರೆ ಒಬ್ಬೊಬ್ಬರ ಪಾಲು ಕಡಿಮೆ, ಪಾಲು ಕಡಿಮೆಯಾದರೆ ಬಂಧ ಉದ್ದ. ಹೆಜ್ಜೆ 3ರ ಲೆಕ್ಕ ಮಾಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ಎಣಿಕೆ ಮಾತ್ರ ಸಾಕಾಗದ ಉದಾಹರಣೆಯೂ ಇದೆ. ಕಾಫಿನೈಟ್ ಅನ್ನುವ ಯುರೇನಿಯಂ ಸಿಲಿಕೇಟ್ ಖನಿಜ ಝಿರ್ಕಾನ್ ಮಾದರಿಯದು. ಸುಮಾರು 15 ಗಿಗಾಪಾಸ್ಕಲ್ ಆಸುಪಾಸಿನಲ್ಲಿ ಶೀಲೈಟ್ ಮಾದರಿಗೆ ಹೋಗುತ್ತದೆ. ಮೊದಲೂ ಯುರೇನಿಯಂಗೆ ಎಂಟು, ಸಿಲಿಕಾನ್‌ಗೆ ನಾಲ್ಕು. ಆಮೇಲೂ ಅಷ್ಟೇ. ಬದಲಾಗಿದ್ದು ಅವು ಒಂದರ ಪಕ್ಕ ಒಂದು ಕೂರುವ ರೀತಿ. ಬಹುಭುಜಗಳು ಅಂಚು ಹಂಚಿಕೊಂಡಿವೆಯೋ ಮೂಲೆ ಹಂಚಿಕೊಂಡಿವೆಯೋ ಅಂತ ನೋಡದಿದ್ದರೆ ಏನೂ ಆಗಿಲ್ಲ ಅಂದುಕೊಂಡು ಮುಂದೆ ಹೋಗುತ್ತೀರಿ.

ಲೋಹದ ಹಾಗೆ ವರ್ತಿಸುವ ಸಂಯುಕ್ತಗಳಲ್ಲಿ ನೋಡಬೇಕಾದ್ದು ಯುರೇನಿಯಂನಿಂದ ಯುರೇನಿಯಂಗೆ ಇರುವ ದೂರ. ಸುಮಾರು 3.5 ಆಂಗ್‌ಸ್ಟ್ರಾಂಗಿಂತ ಹತ್ತಿರ ಇದ್ದರೆ ಎಫ್ ಎಲೆಕ್ಟ್ರಾನ್‌ಗಳು (ಯುರೇನಿಯಂನ ‘ಎಫ್’ ಅನ್ನುವ ಕಕ್ಷಕಗಳಲ್ಲಿ ಇರುವವು) ಪರಸ್ಪರ ಬೆರೆಯುತ್ತವೆ, ದೂರ ಇದ್ದರೆ ಅವರವರ ಮನೆಯಲ್ಲಿ ಅವರವರು, ಕಾಂತತೆ ಹುಟ್ಟುವುದು ಆಗಲೇ. ಹಿಲ್ ಮಿತಿ ಅಂತ ಕರೆಯುತ್ತಾರೆ. ಒತ್ತಡ ಈ ದೂರವನ್ನೇ ತಿರುಚುತ್ತದೆ. ಸೂಪರ್‌ಕಂಡಕ್ಟರ್ ಅಂತ ಹೆಸರು ಮಾಡಿರುವ ಯುರೇನಿಯಂ ಡೈಟೆಲ್ಯುರೈಡ್ ಸುಮಾರು 5 ಗಿಗಾಪಾಸ್ಕಲ್‌ನಲ್ಲೇ ಆರ್ಥೋರಾಂಬಿಕ್‌ನಿಂದ ಟೆಟ್ರಾಗೊನಲ್ (ಎರಡು ಅಂಚು ಸಮ ಇರುವ ಪೆಟ್ಟಿಗೆ) ಆಗಿ, ಗಾತ್ರ ಹತ್ತಿರ ಹತ್ತಿರ 10 ಶೇಕಡಾ ಕುಸಿಯುತ್ತದೆ. ಡೈಆಕ್ಸೈಡ್‌ಗೆ 42 ಬೇಕಾಗಿದ್ದನ್ನು ನೆನಪಿಸಿಕೊಳ್ಳಿ.

ಹೆಜ್ಜೆ 9: ವಾಪಸ್ ಬರುತ್ತದಾ?

ಒತ್ತಡ ಇಳಿಸಿದ ಮೇಲೆ, ತಣ್ಣಗಾದ ಮೇಲೆ ಏನು ಉಳಿಯಿತು ಅಂತ ಕೇಳಿ. ಕಾಫಿನೈಟ್‌ನ ಶೀಲೈಟ್ ರೂಪ ಒತ್ತಡ ತೆಗೆದರೂ ಹಿಂದಕ್ಕೆ ಬರುವುದಿಲ್ಲ. ಶುದ್ಧ ಯುರೇನಿಯಂನ ಗಾಮಾ ರೂಪವನ್ನು ಎಷ್ಟು ಬೇಗ ತಣ್ಣಗೆ ಮಾಡಿದರೂ ಹಿಡಿದಿಡಲು ಆಗುವುದಿಲ್ಲ, ಆದರೆ ತೂಕದಲ್ಲಿ 10 ಶೇಕಡಾ ಮಾಲಿಬ್ಡಿನಂ ಸೇರಿಸಿದರೆ ಉಳಿದುಕೊಳ್ಳುತ್ತದೆ. ಕೋಣೆಯ ತಾಪದಲ್ಲಿ ಬರೀ ಹಿಂಡಿದ ಪ್ರಯೋಗಗಳಲ್ಲಿ ಪರಮಾಣುಗಳಿಗೆ ಸರಿದಾಡುವ ಶಕ್ತಿ ಇರುವುದಿಲ್ಲ, ಹಾಗಾಗಿ ಬದಲಾವಣೆ ತಡವಾಗಿ ಕಾಣಿಸುತ್ತದೆ. ಪೇಪರ್‌ನಲ್ಲಿ 14ರಿಂದ 17 ಗಿಗಾಪಾಸ್ಕಲ್ ಅಂತ ಒಂದು ಹರವು ಕೊಟ್ಟಿದ್ದರೆ ಅದು ಲೇಖಕರ ಸೋಮಾರಿತನ ಅಲ್ಲ.

ಒತ್ತಡ ಅಳೆದದ್ದು ಹೇಗೆ ಅನ್ನುವುದನ್ನೂ ನೋಡಿ. ಸೆಲ್ ಒಳಗೆ ಮಾಣಿಕ್ಯದ ಒಂದು ಚೂರು ಇಡುತ್ತಾರೆ, ಲೇಸರ್ ಬಿಟ್ಟಾಗ ಅದರ ಕೆಂಪು ಗೆರೆ 694.2 ನ್ಯಾನೋಮೀಟರ್‌ನಲ್ಲಿ ಹೊಳೆಯುತ್ತದೆ, ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.365 ನ್ಯಾನೋಮೀಟರ್ ಸರಿಯುತ್ತದೆ. ಮಾದರಿಯ ಸುತ್ತ ತುಂಬಿದ ದ್ರವ ಯಾವುದು ಅನ್ನುವುದೂ ಮುಖ್ಯ. ಮೆಥನಾಲ್-ಎಥನಾಲ್ 4:1 ಮಿಶ್ರಣ ಸುಮಾರು 10 ಗಿಗಾಪಾಸ್ಕಲ್‌ವರೆಗೆ ಎಲ್ಲ ಕಡೆಯಿಂದ ಸಮವಾಗಿ ಒತ್ತುತ್ತದೆ, ಆಮೇಲೆ ಗಟ್ಟಿಯಾಗಿ ಒಂದು ಕಡೆಗೆ ಜಾಸ್ತಿ ಒತ್ತಲು ಶುರುಮಾಡುತ್ತದೆ. 30 ಗಿಗಾಪಾಸ್ಕಲ್‌ನ ಪ್ರಯೋಗಕ್ಕೆ ಅದನ್ನೇ ಬಳಸಿದ್ದರೆ ಆ ಸಂಖ್ಯೆಗಳ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹೆಜ್ಜೆ 10: ಆಕ್ಸಿಜನ್ ನಿಜವಾಗಿ ಕಂಡಿತ್ತಾ?

ಇಷ್ಟೆಲ್ಲ ಎಣಿಸಿದಿರಿ, ಅಳೆದಿರಿ. ಈಗ ಕೊನೆಯ ಅನುಮಾನ. ಎಕ್ಸ್-ರೇ ನೋಡುವುದು ಎಲೆಕ್ಟ್ರಾನ್‌ಗಳನ್ನು. ಯುರೇನಿಯಂಗೆ 92, ಆಕ್ಸಿಜನ್‌ಗೆ 8. ಚದುರಿಸುವ ಬಲ ಇವುಗಳ ವರ್ಗದ ಲೆಕ್ಕದಲ್ಲಿ ಹೋಗುವುದರಿಂದ ಯುರೇನಿಯಂ ಸುಮಾರು 130 ಪಟ್ಟು ಜೋರಾಗಿ ಕೂಗುತ್ತದೆ, ಪಕ್ಕದ ಆಕ್ಸಿಜನ್ ಪಿಸುಗುಡುತ್ತದೆ. ಒಳ್ಳೆಯ ಒಂಟಿ ಹರಳು ಇದ್ದರೆ ಪಿಸುಮಾತೂ ಕೇಳಿಸುತ್ತದೆ. ವಜ್ರದ ಸೆಲ್ ಒಳಗಿನ ಪುಡಿಯಲ್ಲಿ, ಗೆರೆಗಳೆಲ್ಲ ಅಗಲವಾಗಿ ಒಂದರ ಮೇಲೊಂದು ಬಿದ್ದಿರುವಾಗ, ಕಷ್ಟ. ನ್ಯೂಟ್ರಾನ್‌ಗಳಿಗೆ ಈ ತೊಂದರೆ ಇಲ್ಲ. ನ್ಯೂಟ್ರಾನ್ ಚದುರಿಸುವ ಬಲದ ಅಳತೆಯಲ್ಲಿ ಯುರೇನಿಯಂ 8.42 ಫೆಮ್ಟೋಮೀಟರ್, ಆಕ್ಸಿಜನ್ 5.80, ಇಬ್ಬರ ದನಿಯೂ ಹೆಚ್ಚುಕಡಿಮೆ ಸಮ. ಆದರೆ ನ್ಯೂಟ್ರಾನ್ ಪ್ರಯೋಗಕ್ಕೆ ಮಾದರಿ ಜಾಸ್ತಿ ಬೇಕು, ಕೂದಲೆಳೆಯಷ್ಟು ಸಾಲದು. ಹಾಗಾಗಿ ಎಷ್ಟೋ ಪೇಪರ್‌ಗಳಲ್ಲಿ ಆಕ್ಸಿಜನ್‌ನ ಜಾಗ ಅಳೆದದ್ದಲ್ಲ, ಕಂಪ್ಯೂಟರ್ ಲೆಕ್ಕದಿಂದ ತಂದು ಕೂರಿಸಿದ್ದು. ಆ ಲೆಕ್ಕದಲ್ಲೂ ಎಫ್ ಎಲೆಕ್ಟ್ರಾನ್‌ಗಳಿಗೆ ವಿಶೇಷ ತಿದ್ದುಪಡಿ ಹಾಕದಿದ್ದರೆ ಡೈಆಕ್ಸೈಡ್ ಲೋಹ ಅಂತ ಉತ್ತರ ಬರುತ್ತದೆ. ವಾಸ್ತವದಲ್ಲಿ ಅದು ಲೋಹ ಅಲ್ಲ.

ಪರೀಕ್ಷೆ ಸುಲಭ. ಹೆಜ್ಜೆ 3ರ ಯುರನೈಲ್ ಲೆಕ್ಕಕ್ಕೆ ವಾಪಸ್ ಹೋಗಿ. ತುದಿಯ ಎರಡೂ ಆಕ್ಸಿಜನ್‌ಗಳನ್ನು 1.78 ಬದಲು 1.88ರಲ್ಲಿ ಇಟ್ಟು ಮತ್ತೆ ಕೂಡಿಸಿ. 6.08 ಇದ್ದದ್ದು 5.49ಕ್ಕೆ ಇಳಿಯುತ್ತದೆ. ಬರೀ 0.1 ಆಂಗ್‌ಸ್ಟ್ರಾಂ ತಪ್ಪಿದರೆ ಆರರ ಯುರೇನಿಯಂ ಐದೂವರೆಯಂತೆ ಕಾಣುತ್ತದೆ! ಒತ್ತಡದಲ್ಲಿ ಯುರೇನಿಯಂನ ಆಕ್ಸಿಡೇಶನ್ ಸ್ಥಿತಿ ಬದಲಾಯಿತು ಅಂತ ಪೇಪರ್ ಹೇಳುತ್ತಿದ್ದರೆ, ಆಧಾರ ಇಂಥ ಬಂಧದ ಉದ್ದಗಳು ಮಾತ್ರವಾ ಅಥವಾ ರಾಮನ್ ರೋಹಿತದಲ್ಲೋ (ಲೇಸರ್ ಬಿಟ್ಟು ಬಂಧಗಳ ಕಂಪನ ನೋಡುವ ವಿಧಾನ) ಎಕ್ಸ್-ರೇ ಹೀರಿಕೆಯಲ್ಲೋ ಬೇರೆ ಸಾಕ್ಷಿ ಇದೆಯಾ ಅಂತ ಪೂರಕ ಮಾಹಿತಿಯ ಫೈಲ್ ತೆರೆದು ನೋಡಿ. ನಾನಂತೂ ಈಗೀಗ ಪೇಪರ್ ಓದುವ ಮೊದಲೇ ಆ ಫೈಲ್ ತೆರೆಯುತ್ತೇನೆ.